ರುಮಟಾಯ್ಡ್ ಸಂಧಿವಾತಕ್ಕೆ ಗುರಿ ಮುಟ್ಟುವ ನ್ಯಾನೊ ಔಷಧ: ಯಾವ ಔಷಧವನ್ನು, ಯಾವ ಗುರಿಗೆ?

ಕಣವಿಹಾರಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಔಷಧ ವಿಜ್ಞಾನದಲ್ಲಿ ಪಿಎಚ್.ಡಿ. ಸಂಶೋಧನೆಯನ್ನು ಈಗಷ್ಟೇ ಆರಂಭಿಸಿರುವ ವಿದ್ಯಾರ್ಥಿನಿ. ರುಮಟಾಯ್ಡ್ ಸಂಧಿವಾತದಲ್ಲಿ ಊದಿಕೊಂಡಿರುವ ಕೀಲುಗಳಿಗೆ ಔಷಧವನ್ನು ಒಯ್ಯಬಲ್ಲ ನ್ಯಾನೊ ಕಣಗಳನ್ನು ರೂಪಿಸುವುದು ನನ್ನ ಪ್ರಬಂಧದ ವಿಷಯ. ಕರಡು ಯೋಜನೆಯನ್ನು ಮಾರ್ಗದರ್ಶಕರಿಗೆ ಒಪ್ಪಿಸುವ ಮುನ್ನ ಈ ಕೆಲಸದಲ್ಲಿ ಪಳಗಿದವರ ಅಭಿಪ್ರಾಯ ಕೇಳೋಣವೆಂದು ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತಿಳಿವಳಿಕೆ ಇಷ್ಟು. ಈ ಕಾಯಿಲೆಯಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಒಳಪೊರೆಯ ಮೇಲೆ, ಅಂದರೆ ಸೈನೋವಿಯಂ ಮೇಲೆ, ತಿರುಗಿ ಬೀಳುತ್ತದೆ. ಆರೋಗ್ಯವಂತರಲ್ಲಿ ಒಂದೆರಡು ಜೀವಕೋಶಗಳಷ್ಟೇ ದಪ್ಪವಿರುವ ಆ ಪೊರೆಯ ಮೇಲ್ಪದರ ಉಬ್ಬಿ, ಅಪರಿಚಿತ ಕಣಗಳನ್ನು ನುಂಗುವ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳಿಂದಲೂ ಫೈಬ್ರೋಬ್ಲಾಸ್ಟ್ ಮಾದರಿಯ ಕೋಶಗಳಿಂದಲೂ ತುಂಬಿಕೊಂಡು, ಪಕ್ಕದ ಮೃದ್ವಸ್ಥಿಯನ್ನೂ ಮೂಳೆಯನ್ನೂ ಕೊರೆಯತೊಡಗುತ್ತದೆ. ಟಿಎನ್‌ಎಫ್, ಇಂಟರ್‌ಲ್ಯೂಕಿನ್-6 ಮೊದಲಾದ ಸಂಕೇತ ಪ್ರೋಟೀನ್‌ಗಳು ಈ ಉರಿಯನ್ನು ಊದುತ್ತಲೇ ಇರುತ್ತವೆ. ಉರಿಯೂತವಿರುವ ಕೀಲಿನಲ್ಲಿ ರಕ್ತನಾಳಗಳ ಗೋಡೆ ಸಡಿಲಗೊಳ್ಳುವುದರಿಂದ ಸುಮಾರು 100 ನ್ಯಾನೊಮೀಟರ್ ಗಾತ್ರದ ಕಣಗಳು ಅಲ್ಲಿ ರಕ್ತದಿಂದ ಹೊರಗೆ ಸೋರಬಲ್ಲವು, ಆದರೆ ಆರೋಗ್ಯಕರ ಕೀಲಿನಲ್ಲಿ ಹಾಗೆ ಸೋರುವುದಿಲ್ಲ. ಗುರಿ ಮುಟ್ಟಿಸುವ ಭರವಸೆಯೆಲ್ಲ ಈ ಒಂದು ವ್ಯತ್ಯಾಸದ ಮೇಲೆ ನಿಂತಿದೆ ಎಂದು ನಾನು ಭಾವಿಸಿದ್ದೇನೆ.

ಮೆಥೊಟ್ರೆಕ್ಸೇಟ್ ಔಷಧವನ್ನು ದೇಹದಲ್ಲೇ ಕರಗಿಹೋಗುವ ಪಿಎಲ್‌ಜಿಎ ಪಾಲಿಮರ್ ಕಣಗಳಲ್ಲಿ ತುಂಬಿ, ಮೇಲ್ಮೈಗೆ ಕಣವನ್ನು ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸುವ ಪಾಲಿಎಥಿಲೀನ್ ಗ್ಲೈಕಾಲ್ ಸರಪಳಿಗಳನ್ನೂ ಅವುಗಳ ತುದಿಗೆ ಫೋಲೇಟ್ ಎಂಬ ವಿಟಮಿನ್ನನ್ನೂ ಜೋಡಿಸಿ, ಕೊಲಾಜನ್ ಚುಚ್ಚಿ ಸಂಧಿವಾತ ಬರಿಸಿದ ಇಲಿಗಳಲ್ಲಿ ಪರೀಕ್ಷಿಸುವುದು ನನ್ನ ಯೋಜನೆ. ಸಕ್ರಿಯ ಮ್ಯಾಕ್ರೋಫೇಜ್‌ಗಳ ಮೇಲೆ ಫೋಲೇಟ್ ಗ್ರಾಹಕದ ಬೀಟಾ ರೂಪ ಹೆಚ್ಚಾಗಿರುತ್ತದೆ ಎಂಬುದು ಫೋಲೇಟ್ ಆಯ್ಕೆಗೆ ಕಾರಣ. ಆದರೆ ಓದುತ್ತಾ ಹೋದಂತೆ ನನ್ನ ಧೈರ್ಯ ಕುಂದುತ್ತಿದೆ. ನಾಳಗಳ ಸೋರಿಕೆಯೇ ಸಾಕಾಗುವುದಾದರೆ ಈ ಫೋಲೇಟಿನ ಕೊಕ್ಕೆ ಏಕೆ ಬೇಕು? ಇಲಿಗಳಲ್ಲಿ ಪಂಜದ ಊತ ಇಳಿಸಿದ ಕಣಗಳ ವರದಿಗಳು ಇಷ್ಟೊಂದು ಇರುವಾಗ ರೋಗಿಯ ಕೈಗೆ ಬಂದಿರುವುದು ಏಕಿಷ್ಟು ಕಡಿಮೆ? ನಾನು ಆರಿಸಿಕೊಂಡಿರುವ ದಾರಿಯಲ್ಲಿ ಹೊಸದೇನಾದರೂ ಉಳಿದಿದೆಯೇ? ದಯವಿಟ್ಟು ಮುಲಾಜಿಲ್ಲದೆ ಹೇಳಿ.

ಗುಳಿಗೆಗಾರ (ಉತ್ತರ)

ಕಣವಿಹಾರಿಯವರೇ, ಮುಲಾಜು ಬೇಡವೆಂದು ನೀವೇ ಹೇಳಿರುವುದರಿಂದ ನೇರವಾಗಿ ಬರೆಯುತ್ತೇನೆ. ನಿಮ್ಮ ಯೋಜನೆಯ ಅತ್ಯಂತ ದುರ್ಬಲ ಕೊಂಡಿ ಫೋಲೇಟ್ ಅಲ್ಲ, ಪಾಲಿಮರೂ ಅಲ್ಲ. ನೀವು ಅನುಮಾನಿಸದೆ ಬಿಟ್ಟಿರುವ ಮೆಥೊಟ್ರೆಕ್ಸೇಟೇ ಆ ಕೊಂಡಿ.

ರಕ್ತನಾಳಕ್ಕೆ ಚುಚ್ಚಿದ ನ್ಯಾನೊ ಕಣಗಳ ಬಹುಪಾಲು ಕೊನೆಗೆ ಹೋಗಿ ಸೇರುವುದು ಯಕೃತ್ತಿಗೆ ಮತ್ತು ಗುಲ್ಮಕ್ಕೆ. ಯಕೃತ್ತಿನ ಕುಪ್ಫರ್ ಕೋಶಗಳ ಕೆಲಸವೇ ರಕ್ತದಲ್ಲಿ ತೇಲಿಬರುವ ಅಪರಿಚಿತ ಕಣಗಳನ್ನು ಹಿಡಿದು ನುಂಗುವುದು. ನಮ್ಮ ಕಣವನ್ನು ನಾವು ಎಷ್ಟೇ ಪ್ರೀತಿಯಿಂದ ತಯಾರಿಸಿದ್ದರೂ ಅವುಗಳ ಪಾಲಿಗೆ ಅದು ಕಸ. ಗಡ್ಡೆಗಳಿಗೆ ಸಂಬಂಧಿಸಿದ ಹತ್ತು ವರ್ಷಗಳ ಪ್ರಕಟಿತ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ, ಚುಚ್ಚಿದ ಕಣಗಳಲ್ಲಿ ಗಡ್ಡೆಯನ್ನು ತಲುಪಿದ್ದು ಮಧ್ಯಾಂಕದ ಲೆಕ್ಕದಲ್ಲಿ ಶೇಕಡ 0.7 ಮಾತ್ರ. ಕೀಲಿನ ಸ್ಥಿತಿ ಗಡ್ಡೆಯದಕ್ಕಿಂತ ಭಿನ್ನವೇ ಇರಬಹುದು, ಆದರೆ ಯಕೃತ್ತು ಎರಡೂ ಕಡೆ ಒಂದೇ. ಈಗ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರಿಗೆ ವೈದ್ಯರು ಆಗಾಗ ರಕ್ತಪರೀಕ್ಷೆ ಮಾಡಿಸುವುದು ಏಕೆಂದು ಯೋಚಿಸಿ. ರಕ್ತಕಣಗಳ ಎಣಿಕೆಯ ಜೊತೆಗೆ ಅವರು ನೋಡುವುದು ಯಕೃತ್ತಿನ ಕಿಣ್ವಗಳನ್ನು. ಯಾವ ಅಂಗಕ್ಕೆ ಆ ಔಷಧದಿಂದ ತೊಂದರೆಯಾದೀತೆಂದು ಹೆದರುತ್ತೇವೆಯೋ ಅದೇ ಅಂಗಕ್ಕೆ ಔಷಧವನ್ನು ಮೂಟೆ ಕಟ್ಟಿ ಕಳುಹಿಸುವ ವಾಹನವನ್ನು ನೀವು ನಿರ್ಮಿಸಲು ಹೊರಟಿದ್ದೀರಿ.

ಇನ್ನೊಂದು ಮಾತೂ ಇದೆ. ವಾರಕ್ಕೊಮ್ಮೆ 7.5ರಿಂದ 25 ಮಿಲಿಗ್ರಾಂ ಪ್ರಮಾಣದಲ್ಲಿ ಕೊಡುವ ಮೆಥೊಟ್ರೆಕ್ಸೇಟ್ ಜೀವಕೋಶದೊಳಗೆ ಹೋದ ಮೇಲೆ ಗ್ಲುಟಮೇಟ್ ಬಾಲಗಳನ್ನು ಜೋಡಿಸಿಕೊಂಡು ವಾರಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ದೀರ್ಘಕಾಲ ನಿಲ್ಲುವ ಗುಣ ಅದಕ್ಕೆ ತಾನಾಗಿಯೇ ಇದೆ. ಅದನ್ನು ನಿಲ್ಲಿಸಲೆಂದೇ ಕಣ ಕಟ್ಟುವುದರಿಂದ ಸಿಗುವ ಲಾಭ ಅಲ್ಪ. ಗುಳಿಗೆಯಾಗಿ ನುಂಗಬಹುದಾದ, ಅಗ್ಗವಾದ, ದಶಕಗಳಿಂದ ಪರಿಚಿತವಾದ ಔಷಧವೊಂದನ್ನು ರಕ್ತನಾಳಕ್ಕೆ ಚುಚ್ಚಬೇಕಾದ ದುಬಾರಿ ಔಷಧವನ್ನಾಗಿ ಮಾರ್ಪಡಿಸಲು ಬಲವಾದ ಕಾರಣ ಬೇಕು. ಪ್ರಯೋಗಾಲಯದ ಕಷ್ಟವನ್ನೂ ಹೇಳಿಬಿಡುತ್ತೇನೆ: ಮೆಥೊಟ್ರೆಕ್ಸೇಟ್ ಪಿಎಲ್‌ಜಿಎ ಒಳಗೆ ಸುಲಭವಾಗಿ ಕೂರುವುದಿಲ್ಲ. ಎಮಲ್ಷನ್ ಮಾಡುವಾಗಲೇ ಹೊರಗಿನ ನೀರಿಗೆ ಜಾರಿಕೊಳ್ಳುತ್ತದೆ. ಹೇಗೋ ಮೇಲ್ಮೈಯಲ್ಲಿ ಅಂಟಿಕೊಂಡು ಉಳಿದದ್ದು ಮೊದಲ ದಿನವೇ ಒಟ್ಟಿಗೆ ಬಿಡುಗಡೆಯಾಗಿಬಿಡುತ್ತದೆ.

ಹಾಗಾದರೆ ಯಾವ ಔಷಧ? ನನ್ನ ಮಟ್ಟಿಗೆ ಉತ್ತರ ಸ್ಟಿರಾಯ್ಡ್. 1948ರಲ್ಲಿ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಮೊದಲ ಬಾರಿಗೆ ಕಾರ್ಟಿಸೋನ್ ಕೊಟ್ಟದ್ದು ಇದೇ ಕಾಯಿಲೆಯ ರೋಗಿಗೆ, ಮತ್ತು ಅದರ ಪರಿಣಾಮ ಎಷ್ಟು ಬೆರಗುಗೊಳಿಸುವಂತಿತ್ತೆಂದರೆ 1950ರಲ್ಲೇ ಕೆಂಡಾಲ್ ಮತ್ತು ರೈಖ್‌ಸ್ಟೈನ್ ಅವರೊಡನೆ ಹೆಂಚ್ ನೊಬೆಲ್ ಪ್ರಶಸ್ತಿ ಪಡೆದರು. ಅಷ್ಟು ಹೊತ್ತಿಗಾಗಲೇ ಅಡ್ಡಪರಿಣಾಮಗಳ ಪಟ್ಟಿಯೂ ಬೆಳೆಯತೊಡಗಿತ್ತು: ಮೂಳೆ ಸವೆತ, ರಕ್ತದ ಸಕ್ಕರೆಯ ಏರಿಕೆ, ಸೋಂಕು, ಅಡ್ರಿನಲ್ ಗ್ರಂಥಿಯ ಕುಗ್ಗುವಿಕೆ. ಕೀಲಿನಲ್ಲಿ ಬೇಗ ಮತ್ತು ಚೆನ್ನಾಗಿ ಕೆಲಸ ಮಾಡುವ, ಕೀಲಿನ ಹೊರಗೆ ಎಲ್ಲೆಡೆ ಹಾನಿ ಮಾಡುವ ಔಷಧವಿದು. ಗುರಿ ಮುಟ್ಟಿಸುವ ತಂತ್ರಕ್ಕೆ ಅರ್ಥವಿರುವುದು ಇಂತಹ ಔಷಧದಲ್ಲಿ ಮಾತ್ರ.

ಮೆಟ್ಸೆಲಾರ್ ಮತ್ತು ಅವರ ಸಹೋದ್ಯೋಗಿಗಳು 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿ. ಪೆಗ್ ಹೊದಿಕೆಯ (ಪಾಲಿಎಥಿಲೀನ್ ಗ್ಲೈಕಾಲ್ ಎಂದು ಪೂರ್ತಿ ಹೇಳುವ ತಾಳ್ಮೆ ನಮ್ಮಲ್ಲಿ ಯಾರಿಗೂ ಇಲ್ಲ) ಲೈಪೋಸೋಮ್‌ಗಳಲ್ಲಿ, ಅಂದರೆ ಕೊಬ್ಬಿನ ಪದರದ ಪುಟ್ಟ ಗುಳ್ಳೆಗಳಲ್ಲಿ, ಪ್ರೆಡ್ನಿಸೊಲೋನ್ ಎಂಬ ಸ್ಟಿರಾಯ್ಡಿನ ಫಾಸ್ಫೇಟ್ ತುಂಬಿ, ಸಂಧಿವಾತ ಬರಿಸಿದ ಇಲಿಗಳಿಗೆ ಪ್ರತಿ ಕಿಲೋಗ್ರಾಂ ತೂಕಕ್ಕೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಟ್ಟಾಗ ಉರಿಯೂತ ಸುಮಾರು ಒಂದು ವಾರದ ಕಾಲ ಸಂಪೂರ್ಣವಾಗಿ ಅಡಗಿತು. ಅಷ್ಟೇ ಪ್ರಮಾಣದ ಬಿಡಿ ಔಷಧಕ್ಕೆ ಅದು ಸಾಧ್ಯವಾಗಲಿಲ್ಲ. ಇಲ್ಲಿ ಪ್ರೆಡ್ನಿಸೊಲೋನ್ ಬದಲು ಅದರ ಫಾಸ್ಫೇಟನ್ನು ಆರಿಸಿದ್ದರಲ್ಲಿರುವ ಜಾಣ್ಮೆಯನ್ನು ಗಮನಿಸಿ: ಬರಿಯ ಪ್ರೆಡ್ನಿಸೊಲೋನ್ ಕೊಬ್ಬಿನ ಪದರವನ್ನು ದಾಟಿ ಹೊರಗೆ ಸೋರಿಹೋಗುತ್ತದೆ. ನೀರಿನಲ್ಲಿ ಕರಗುವ ಫಾಸ್ಫೇಟ್ ರೂಪವಾದರೋ ಲೈಪೋಸೋಮ್ ಒಳಗಿನ ನೀರಿನಲ್ಲಿ ಸೆರೆಯಾಗಿ ಉಳಿದು, ಹೊರಬಂದ ಮೇಲೆ ಕಿಣ್ವಗಳ ಕೈಗೆ ಸಿಕ್ಕಿ ಫಾಸ್ಫೇಟ್ ಕಳಚಿಕೊಂಡು ಔಷಧವಾಗುತ್ತದೆ. ಇಂತಹ ಲೈಪೋಸೋಮ್‌ಗಳು ಮಾನವ ಪ್ರಯೋಗದ ಹಂತಕ್ಕೂ ಹೋಗಿವೆ.

ಫೋಲೇಟಿನ ಕೊಕ್ಕೆ ಏಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಗಡ್ಡೆಗಳಲ್ಲಿ ಕಣಗಳು ಸೋರಿ ಉಳಿಯುವುದನ್ನು 1986ರಲ್ಲಿ ಮತ್ಸುಮುರಾ ಮತ್ತು ಮಯೆದಾ ವಿವರಿಸಿದರು. ಅಲ್ಲಿ ಕಣ ಉಳಿಯಲು ಒಂದು ಕಾರಣ, ದುಗ್ಧನಾಳಗಳು ಸರಿಯಾಗಿ ಕೆಲಸ ಮಾಡದಿರುವುದು. ಉರಿಯೂತದ ಕೀಲಿನಲ್ಲಿ ದುಗ್ಧನಾಳಗಳು ಇರುತ್ತವೆ, ಆದ್ದರಿಂದ ಸೋರಿದ ಕಣ ತೊಳೆದುಹೋಗಬೇಕಿತ್ತು. ಹಾಗಿದ್ದೂ ಅದು ಉಳಿಯುವುದಕ್ಕೆ ಸಂಶೋಧಕ ಡಾಂಗ್ ವಾಂಗ್ ಕೊಟ್ಟ ವಿವರಣೆಯೆಂದರೆ, ಅಲ್ಲಿ ನೆರೆದಿರುವ ಉರಿಯೂತದ ಕೋಶಗಳು ಕಣಗಳನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ ಎಂಬುದು. ಮ್ಯಾಕ್ರೋಫೇಜ್ ಕೊಕ್ಕೆ ಇಲ್ಲದೆಯೂ ನುಂಗುತ್ತದೆ, ಅದು ಅದರ ಹುಟ್ಟುಗುಣ. ಕೊಕ್ಕೆಯಿಂದ ಕೀಲನ್ನು ತಲುಪುವ ಕಣಗಳ ಪ್ರಮಾಣ ಹೆಚ್ಚುವುದಕ್ಕಿಂತ, ತಲುಪಿದ ಮೇಲೆ ಯಾವ ಕೋಶದೊಳಗೆ ಹೋಗುತ್ತದೆ ಎಂಬುದು ಬದಲಾಗಬಹುದು. ಈ ಎರಡನ್ನೂ ಬೇರೆ ಬೇರೆಯಾಗಿ ಅಳೆಯದೆ ಕೊಕ್ಕೆಯಿಂದ ಗುರಿ ಸಾಧಿಸಿದೆವೆಂದು ಬರೆದರೆ ಯಾವ ವಿಮರ್ಶಕನೂ ಒಪ್ಪಬಾರದು.

ಫೋಲೇಟಿಗೆ ಇನ್ನೂ ಒಂದು ತೊಡಕಿದೆ. ಪರ್ಡ್ಯೂ ವಿಶ್ವವಿದ್ಯಾಲಯದ ಫಿಲಿಪ್ ಲೋ ಅವರ ತಂಡ ಸಕ್ರಿಯ ಮ್ಯಾಕ್ರೋಫೇಜ್‌ಗಳ ಫೋಲೇಟ್ ಗ್ರಾಹಕದ ಮೇಲೆ ಗಟ್ಟಿ ಕೆಲಸ ಮಾಡಿದೆ, ಅದರಲ್ಲಿ ಸಂದೇಹವಿಲ್ಲ. ಆದರೆ ಪ್ರಯೋಗಾಲಯದ ಇಲಿಗಳ ಆಹಾರದಲ್ಲಿ ಫೋಲೇಟ್ ಹೇರಳವಾಗಿರುವುದರಿಂದ ಈ ಬಗೆಯ ಪ್ರಯೋಗಗಳಲ್ಲಿ ಫೋಲೇಟ್ ಕಡಿಮೆಯಿರುವ ಆಹಾರವನ್ನು ಕೊಡುವ ರೂಢಿಯಿದೆ. ನಿಮ್ಮ ರೋಗಿಗಳು ಮೆಥೊಟ್ರೆಕ್ಸೇಟಿನ ಅಡ್ಡಪರಿಣಾಮ ತಗ್ಗಿಸಲೆಂದು ಫೋಲಿಕ್ ಆಮ್ಲದ ಗುಳಿಗೆಯನ್ನು ನುಂಗುತ್ತಿರುವವರು. ಅದೇ ಗ್ರಾಹಕಕ್ಕಾಗಿ ನಿಮ್ಮ ಕಣ ಆ ಗುಳಿಗೆಯೊಡನೆ ಸ್ಪರ್ಧಿಸಬೇಕಾಗುತ್ತದೆ.

ಸಂಧಿವೈದ್ಯ (ಉತ್ತರ)

ಗುಳಿಗೆಗಾರರ ಮಾತುಗಳನ್ನು ಬಹುಮಟ್ಟಿಗೆ ಒಪ್ಪುತ್ತೇನೆ. ರೋಗಿಗಳನ್ನು ದಿನವೂ ನೋಡುವವನಾಗಿ ಎರಡು ಮಾತು ಸೇರಿಸುತ್ತೇನೆ, ಅದರಲ್ಲಿ ಒಂದು ಅವರ ಮಾತಿಗೆ ವಿರುದ್ಧವಾದುದು.

ಇದು ಕೀಲಿನಲ್ಲಿ ಕಾಣಿಸಿಕೊಳ್ಳುವ ಕಾಯಿಲೆಯೇ ಹೊರತು ಕೀಲಿನಲ್ಲಿ ಹುಟ್ಟುವ ಕಾಯಿಲೆಯಲ್ಲ. ಸಿಟ್ರುಲಿನ್ ಹೊಂದಿದ ಪ್ರೋಟೀನ್‌ಗಳ ವಿರುದ್ಧದ ಪ್ರತಿಕಾಯಗಳು, ಅಂದರೆ ನಾವು ಆ್ಯಂಟಿ-ಸಿಸಿಪಿ ಪರೀಕ್ಷೆಯಲ್ಲಿ ಹುಡುಕುವವು, ಎಷ್ಟೋ ರೋಗಿಗಳ ರಕ್ತದಲ್ಲಿ ಮೊದಲ ಕೀಲು ಊದುವುದಕ್ಕೆ ವರ್ಷಗಳ ಮುನ್ನವೇ ಇರುತ್ತವೆ. ಶ್ವಾಸಕೋಶ, ಒಸಡು, ಕರುಳಿನ ಒಳಪದರಗಳಲ್ಲಿ ಆರಂಭವಾಗಿರಬಹುದಾದ ಈ ತಪ್ಪು ಪಾಠ ದುಗ್ಧಗ್ರಂಥಿಗಳಲ್ಲಿ ಬೇರೂರಿ ಕೊನೆಗೆ ಕೀಲಿಗೆ ಬರುತ್ತದೆ. ಕೀಲಿಗೆ ಮಾತ್ರ ಔಷಧ ತಲುಪಿಸುವ ಕಣ ಎಷ್ಟೇ ನಿಖರವಾಗಿದ್ದರೂ ಆ ಪಾಠವನ್ನು ಅಳಿಸಲಾರದು. ಶ್ವಾಸಕೋಶದಲ್ಲಿ ನಾರುಗಟ್ಟುವಿಕೆ ಆರಂಭವಾಗಿರುವ ರೋಗಿಗೆ ಕೀಲು ಮಾತ್ರ ತಣ್ಣಗಾದರೆ ನನಗೆ ಸಮಾಧಾನವಿಲ್ಲ. ಹಾಗಾಗಿ ಕಣಗಳು ಗುಲ್ಮಕ್ಕೆ ಹೋಗುತ್ತವೆ ಎಂಬುದನ್ನು ಗುಳಿಗೆಗಾರರು ನಷ್ಟದ ಬಾಬ್ತಿಗೆ ಬರೆದಿದ್ದಾರೆ, ಅವು ಗುಲ್ಮವನ್ನೋ ದುಗ್ಧಗ್ರಂಥಿಯನ್ನೋ ಸೇರುವುದನ್ನು ನಾನು ಅವಕಾಶವೆನ್ನುತ್ತೇನೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ರಂಜಿನಿ ಥಾಮಸ್ ಅವರ ತಂಡ ಇದೇ ದಾರಿಯಲ್ಲಿ ನಡೆದಿದೆ: ಕೊಲಾಜನ್‌ನ ಒಂದು ತುಣುಕನ್ನೂ ವಿಟಮಿನ್ ಡಿಯ ಸಕ್ರಿಯ ರೂಪವಾದ ಕ್ಯಾಲ್ಸಿಟ್ರಯೋಲನ್ನೂ ಒಂದೇ ಲೈಪೋಸೋಮ್‌ನಲ್ಲಿ ಸೇರಿಸಿ ಚರ್ಮದ ಕೆಳಗೆ ಚುಚ್ಚಿ, ದುಗ್ಧಗ್ರಂಥಿಯ ಕೋಶಗಳಿಗೆ ಸಹನೆಯ ಪಾಠ ಹೇಳಿಕೊಡುವ ಪ್ರಯತ್ನವದು. ಅದರ ಮೊದಲ ಹಂತದ ಮಾನವ ಪ್ರಯೋಗ ನಡೆದು ಫಲಿತಾಂಶ ಪ್ರಕಟವಾಗಿದೆ. ಗುರಿ ಎಂದರೆ ಕೀಲು ಎಂದೇ ಇರಬೇಕಾಗಿಲ್ಲ.

ಎರಡನೆಯದು, ರೋಗಿಯ ಕೈಗೆ ಬಂದಿರುವುದು ಏಕೆ ಕಡಿಮೆ ಎಂಬ ಪ್ರಶ್ನೆ. ನಿಮ್ಮ ಕಣ ಗೆಲ್ಲಬೇಕಾಗಿರುವುದು ಖಾಲಿ ಮೈದಾನದಲ್ಲಿ ಅಲ್ಲ. 1998ರಲ್ಲಿ ಟಿಎನ್‌ಎಫ್ ತಡೆಯುವ ಎಟನರ್ಸೆಪ್ಟ್, ಮರುವರ್ಷ ಇದೇ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್, 2012ರಲ್ಲಿ ಗುಳಿಗೆಯ ರೂಪದ ಟೊಫಾಸಿಟಿನಿಬ್ ಬಂದಿವೆ. ಇವು ಅಣುಮಟ್ಟದಲ್ಲಿ ಆಗಲೇ ಗುರಿಯಿಟ್ಟ ಔಷಧಗಳು. 2009ರಲ್ಲಿ ಈ ಕಾಯಿಲೆಗೆ ಅನುಮತಿ ಪಡೆದ ಸರ್ಟೊಲಿಜುಮ್ಯಾಬ್ ಪೆಗಾಲ್ ಎಂಬುದು ಪ್ರತಿಕಾಯದ ತುಣುಕಿಗೆ ಪೆಗ್ ಜೋಡಿಸಿದ ಅಣು, ಮತ್ತು ಇಲಿಗಳಲ್ಲಿ ಅದು ಉರಿಯೂತದ ಪಂಜಗಳಲ್ಲಿ ಪೂರ್ಣ ಪ್ರತಿಕಾಯಗಳಿಗಿಂತ ಚೆನ್ನಾಗಿ ನೆಲೆಸುವುದು ಕಂಡುಬಂದಿದೆ. ಜಪಾನಿನಲ್ಲಿ 2022ರಲ್ಲಿ ಅನುಮತಿ ಪಡೆದ ಒಜೊರಲಿಜುಮ್ಯಾಬ್ ಇನ್ನೂ ಸೊಗಸಾದ ಉದಾಹರಣೆ: ಒಂಟೆಯ ಜಾತಿಯ ಪ್ರಾಣಿಗಳ ಪ್ರತಿಕಾಯದಿಂದ ಪಡೆದ ಮೂರು ಪುಟ್ಟ ತುಣುಕುಗಳಲ್ಲಿ ಎರಡು ಟಿಎನ್‌ಎಫ್ ಹಿಡಿಯುತ್ತವೆ, ಮೂರನೆಯದು ರಕ್ತದ ಅಲ್ಬುಮಿನ್ ಬೆನ್ನೇರಿ ಸವಾರಿ ಮಾಡುತ್ತದೆ. ಅಲ್ಬುಮಿನ್ ಉರಿಯೂತದ ಕೀಲಿಗೆ ತಾನಾಗಿಯೇ ಸೋರುವ ಪ್ರೋಟೀನ್. ಕಣವೇ ಇಲ್ಲದೆ ಕಣದ ಕೆಲಸ ಇಲ್ಲಿ ನಡೆದಿದೆ.

ಕೊನೆಗೆ ಒಂದು ವಾಸ್ತವ. ನಾವು ರೋಗದ ತೀವ್ರತೆ ಅಳೆಯಲು 28 ಕೀಲುಗಳನ್ನು ಒಂದೊಂದಾಗಿ ಒತ್ತಿ ನೋಡುತ್ತೇವೆ. ಮಂಡಿಯೊಂದೇ ಹಟ ಹಿಡಿದಿದ್ದರೆ ಅದಕ್ಕೆ ನೇರ ಚುಚ್ಚುಮದ್ದು ಸಾಕು. ಬೆರಳುಗಳ ಹತ್ತಾರು ಕೀಲುಗಳು ಏಕಕಾಲಕ್ಕೆ ಊದಿದವರಿಗೆ ಅದು ಆಗದ ಮಾತು. ರಕ್ತದ ಮೂಲಕ ಎಲ್ಲ ಊದಿದ ಕೀಲುಗಳನ್ನು ಹುಡುಕಿಕೊಂಡು ಹೋಗುವ ಸ್ಟಿರಾಯ್ಡ್ ಕಣ ಇಂತಹ ಉಲ್ಬಣದ ವಾರಗಳಲ್ಲಿ, ನಿಧಾನವಾಗಿ ಫಲ ಕೊಡುವ ಮೆಥೊಟ್ರೆಕ್ಸೇಟ್ ಹಿಡಿತಕ್ಕೆ ಬರುವವರೆಗೆ, ಸೇತುವೆಯಾಗಿ ನಿಜಕ್ಕೂ ಉಪಯುಕ್ತ. ನಿಮ್ಮ ಪ್ರಬಂಧದ ಪೀಠಿಕೆಯಲ್ಲಿ ಈ ಸಂದರ್ಭವನ್ನು ಹೆಸರಿಸಿ. ಎಲ್ಲ ರೋಗಿಗಳಿಗೂ ಎಲ್ಲ ಕಾಲಕ್ಕೂ ಎಂದು ಬರೆದರೆ ಯಾರೂ ನಂಬುವುದಿಲ್ಲ.

ಬೆಳಗಿನ ಬಿಗಿತ (ಉತ್ತರ)

ನಾನು ವಿಜ್ಞಾನಿಯಲ್ಲ, ಒಂಬತ್ತು ವರ್ಷಗಳಿಂದ ಈ ಕಾಯಿಲೆಯೊಂದಿಗೆ ಬದುಕುತ್ತಿರುವವಳು. ಬೆಳಿಗ್ಗೆ ಎದ್ದ ಮೇಲೆ ಕೈ ಮುಷ್ಟಿಯಾಗಲು ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕಾಗುತ್ತಿದ್ದ ದಿನಗಳಲ್ಲಿ ಸ್ಟಿರಾಯ್ಡ್ ಗುಳಿಗೆ ನನ್ನನ್ನು ಎಬ್ಬಿಸಿ ಕೂರಿಸಿತು, ಆಮೇಲೆ ಮುಖ ಊದಿಸಿ ಮೂಳೆ ಸವೆಸಿತು. ಹಾಗಾಗಿ ಸಂಧಿವೈದ್ಯರು ಹೇಳಿದ ಸೇತುವೆಯ ಮಾತು ನನಗೆ ಎಲ್ಲರಿಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನನ್ನ ಪ್ರಶ್ನೆ ಒಂದೇ. ನ್ಯಾನೊ ಚಿಕಿತ್ಸೆ ಎಂಬ ಹೆಸರಿನಲ್ಲಿ ಜಾಹೀರಾತುಗಳು ಬರುತ್ತಿವೆ. ಇಂತಹದ್ದು ಸಿಗುವುದಾದರೆ ಈಗಿನ ಮಾತ್ರೆಗಳನ್ನು ಬಿಡಬಹುದೇ?

ಸಂಧಿವೈದ್ಯ (ಉತ್ತರ)

ಬಿಡಬಾರದು, ಅಮ್ಮ. ಇಲ್ಲಿ ನಾವು ಚರ್ಚಿಸುತ್ತಿರುವ ಕಣಗಳು ಪ್ರಯೋಗಗಳ ಹಂತದಲ್ಲಿರುವಂಥವು. ಜಾಹೀರಾತಿನಲ್ಲಿ ಹಾಗೆ ಹೇಳಿಕೊಳ್ಳುವವರ ಬಳಿ, ಯಾವ ಔಷಧ, ಎಷ್ಟು ಪ್ರಮಾಣ, ಯಾವ ನಿಯಂತ್ರಣ ಸಂಸ್ಥೆಯ ಅನುಮತಿ ಎಂದು ಕೇಳಿ ನೋಡಿ. ಮಾತ್ರೆಗಳನ್ನು ಥಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವುದಲ್ಲದೆ, ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಂಡವರಿಗೆ ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಾಪಾಯವೂ ಆಗಬಹುದು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವ ಎಲ್ಲರಿಗೂ ಈ ನೆಪದಲ್ಲಿ ಇನ್ನೊಮ್ಮೆ ಹೇಳುತ್ತೇನೆ: ಅದು ವಾರಕ್ಕೆ ಒಂದು ದಿನದ ಔಷಧ. ತಪ್ಪಿ ದಿನವೂ ನುಂಗಿದವರು ಬಾಯಿ ತುಂಬ ಹುಣ್ಣಾಗಿ, ರಕ್ತಕಣಗಳು ಕುಸಿದು ಆಸ್ಪತ್ರೆ ಸೇರಿರುವುದನ್ನು ನಾನು ಕಂಡಿದ್ದೇನೆ. ವಾರದ ಯಾವ ದಿನ ಎಂಬುದನ್ನು ಚೀಟಿಯ ಮೇಲೆ ದೊಡ್ಡದಾಗಿ ಬರೆಸಿಕೊಳ್ಳಿ.

ಪ್ರಯೋಗಶಾಲೆಯ ಮೂಲೆ (ಉತ್ತರ)

ಔಷಧ ಮತ್ತು ಗುರಿಯ ಬಗ್ಗೆ ಹಿರಿಯರು ಹೇಳಿದ್ದಾಗಿದೆ. ಕಣವಿಹಾರಿಯವರೇ, ನೀವು ಏನನ್ನೇ ಆರಿಸಿಕೊಂಡರೂ ಪ್ರಯೋಗಾಲಯದಲ್ಲಿ ನಿಮ್ಮನ್ನು ದಾರಿ ತಪ್ಪಿಸಲು ಕಾದಿರುವ ಸಂಗತಿಗಳನ್ನು ನಾನು ಹೇಳುತ್ತೇನೆ. ಇವುಗಳಲ್ಲಿ ಹೆಚ್ಚಿನವುಗಳಿಗೆ ನಾನೇ ಬಲಿಯಾಗಿದ್ದೇನೆ.

ನಮ್ಮಲ್ಲಿ ಒಮ್ಮೆ ಔಷಧವಿಲ್ಲದ ಖಾಲಿ ಕಣಗಳನ್ನು ಮ್ಯಾಕ್ರೋಫೇಜ್ ಕೋಶಗಳಿಗೆ ಹಾಕಿದಾಗ ಟಿಎನ್‌ಎಫ್ ಮಟ್ಟ ಏರಿತು. ಕಣದ ಮೇಲ್ಮೈಗೆ ಜೋಡಿಸಿದ್ದ ಸಕ್ಕರೆಯ ಅಣುವೇ ಕೋಶವನ್ನು ಕೆರಳಿಸುತ್ತಿದೆ ಎಂದು ತೀರ್ಮಾನಿಸಿ, ಅದಕ್ಕೊಂದು ಸಿದ್ಧಾಂತವನ್ನೂ ಹೊಸೆದು, ಮೂರು ತಿಂಗಳು ಅದರ ಬೆನ್ನು ಹತ್ತಿದೆವು. ಕೊನೆಗೆ ತಿಳಿದದ್ದೆಂದರೆ ಪಾಲಿಮರ್ ತೊಳೆಯಲು ಬಳಸಿದ ನೀರಿನಲ್ಲಿ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್ ಇತ್ತು. ಸತ್ತ ಬ್ಯಾಕ್ಟೀರಿಯಾದ ಗೋಡೆಯ ಚೂರು ಸಾಕು, ಮ್ಯಾಕ್ರೋಫೇಜ್ ರಂಪ ಮಾಡುತ್ತದೆ. ಸೋಸುಕಾಗದದಲ್ಲಿ ಸೋಸಿದರೂ ಕುದಿಸಿದರೂ ಅದು ಹೋಗುವುದಿಲ್ಲ. ಎಂಡೋಟಾಕ್ಸಿನ್ ಪತ್ತೆಯ ಪರೀಕ್ಷೆಯನ್ನು ಮೊದಲ ದಿನದಿಂದಲೇ ಮಾಡಿಸಿ. ಅದರಲ್ಲೂ ಒಂದು ಮೋಸವಿದೆ: ಆ ಪರೀಕ್ಷೆ ದ್ರಾವಣದ ಮಬ್ಬನ್ನೋ ಬಣ್ಣವನ್ನೋ ನೋಡುತ್ತದೆ, ಕಣಗಳು ತಾವೇ ಬೆಳಕನ್ನು ಚದುರಿಸುತ್ತವೆ. ಆದ್ದರಿಂದ ಗೊತ್ತಿರುವ ಪ್ರಮಾಣದ ಎಂಡೋಟಾಕ್ಸಿನ್ ಅನ್ನು ಕಣಗಳೊಡನೆ ಬೆರೆಸಿ, ಪರೀಕ್ಷೆ ಅದನ್ನು ಸರಿಯಾಗಿ ಹಿಡಿಯುತ್ತದೆಯೇ ಎಂದು ಪರಿಶೀಲಿಸಲೇಬೇಕು.

ಕಣಗಳು ಪಂಜಕ್ಕೆ ಹೋದವೆಂದು ತೋರಿಸಲು ಎಲ್ಲರೂ ಹೊಳೆಯುವ ಬಣ್ಣವನ್ನು ತುಂಬಿ ಚಿತ್ರ ತೆಗೆಯುತ್ತಾರೆ. ಚಿತ್ರ ಬಹಳ ಚೆನ್ನಾಗಿ ಬರುತ್ತದೆ, ಪತ್ರಿಕೆಯ ಮುಖಪುಟಕ್ಕೂ ಒಪ್ಪುತ್ತದೆ. ಆದರೆ ಕೊಬ್ಬಿನಲ್ಲಿ ಕರಗುವ ಬಣ್ಣ ಕಣವನ್ನು ಬಿಟ್ಟು ರಕ್ತದ ಲಿಪೋಪ್ರೋಟೀನ್‌ಗಳ ಮೇಲೆ ಹತ್ತಿ ಕುಳಿತಿರಬಹುದು, ಅಲ್ಬುಮಿನ್ ಜೊತೆ ಕೀಲಿಗೆ ಸೋರಿರಬಹುದು. ಹೊಳೆಯುವ ಪಂಜ ಬಣ್ಣ ಅಲ್ಲಿಗೆ ಬಂದಿದೆ ಎನ್ನುತ್ತದೆ, ಕಣ ಬಂದಿದೆ ಎನ್ನುವುದಿಲ್ಲ, ಔಷಧ ಬಂದಿದೆ ಎಂದಂತೂ ಹೇಳುವುದೇ ಇಲ್ಲ. ಪಂಜದ ಅಂಗಾಂಶವನ್ನು ಅರೆದು ಅದರಲ್ಲಿರುವ ಔಷಧವನ್ನೇ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅಳೆಯಿರಿ, ಅದೇ ಇಲಿಯ ಯಕೃತ್ತನ್ನೂ ಗುಲ್ಮವನ್ನೂ ಪಕ್ಕದಲ್ಲಿಟ್ಟು ಅಳೆಯಿರಿ. ಬಿಡಿ ಬಣ್ಣವನ್ನು ಮಾತ್ರ ಚುಚ್ಚಿದ ಗುಂಪೊಂದು ಇರಲಿ.

ಇಲಿಗಳ ವಿಚಾರ. ಕೊಲಾಜನ್ ಮಾದರಿಯಲ್ಲಿ ಮೊದಲ ಚುಚ್ಚುಮದ್ದಿನ 21ನೇ ದಿನ ಎರಡನೆಯದನ್ನು ಕೊಡುತ್ತೇವೆ, ಊತ ಅದರ ಮುಂದಿನ ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಎಷ್ಟೋ ಪ್ರಬಂಧಗಳಲ್ಲಿ ಚಿಕಿತ್ಸೆ ಆ 21ನೇ ದಿನವೇ ಆರಂಭವಾಗುತ್ತದೆ, ಅಂದರೆ ಪಂಜ ಊದುವ ಮುನ್ನವೇ. ಊದದ ಪಂಜದಲ್ಲಿ ಸೋರುವ ನಾಳವೆಲ್ಲಿಂದ ಬರಬೇಕು? ಅಲ್ಲಿ ಸಿಕ್ಕ ಫಲ ಗುರಿ ಮುಟ್ಟಿದ್ದರ ಫಲವಲ್ಲ, ರೋಗ ಬರುವುದನ್ನು ತಡೆದದ್ದರ ಫಲ. ಪ್ರತಿ ಇಲಿಗೂ ಊತದ ಅಂಕ ಒಂದು ಮಟ್ಟ ಮುಟ್ಟಿದ ಮೇಲೆ ಅದನ್ನು ಗುಂಪಿಗೆ ಸೇರಿಸಿ, ಅಂಕ ಕೊಡುವವರಿಗೆ ಯಾವ ಪಂಜರ ಯಾವ ಗುಂಪೆಂದು ತಿಳಿಯದಂತೆ ನೋಡಿಕೊಳ್ಳಿ. ಡಿಬಿಎ/1 ತಳಿಯ ಗಂಡಿಲಿಗಳು ಜಗಳಗಂಟಿಗಳು. ರಾತ್ರಿ ಕಚ್ಚಾಡಿಕೊಂಡು ಬೆಳಿಗ್ಗೆ ಊದಿದ ಪಂಜ ತೋರಿಸಿದರೆ ಅದನ್ನು ಸಂಧಿವಾತವೆಂದು ಬರೆದುಕೊಳ್ಳಬೇಡಿ. ಮೈಮೇಲಿನ ಗಾಯಗಳನ್ನು ಹುಡುಕಿ ನೋಡಿದ ಮೇಲೆಯೇ ಕ್ಯಾಲಿಪರ್ ಹಿಡಿಯುವುದು ನನ್ನ ರೂಢಿ.

ಆಮ್ಲೀಯತೆಗೆ ಸ್ಪಂದಿಸುವ ಕಣದ ಆಸೆಯೂ ನಿಮಗೆ ಮುಂದೆ ಬರಬಹುದು, ಎಲ್ಲರಿಗೂ ಬರುತ್ತದೆ. ಉರಿಯೂತದ ಕೀಲುದ್ರವದ ಪಿಎಚ್ 7.4ರಿಂದ ಸ್ವಲ್ಪವೇ ಕೆಳಗಿಳಿಯುತ್ತದೆ. ಪಿಎಚ್ 5ರ ದ್ರಾವಣದಲ್ಲಿ ಔಷಧ ಬಿಡುಗಡೆಯಾಯಿತೆಂಬ ನಕ್ಷೆ ಕೀಲಿನ ಬಗ್ಗೆ ಏನನ್ನೂ ಹೇಳುವುದಿಲ್ಲ, ಕೋಶದೊಳಗಿನ ಆಮ್ಲೀಯ ಚೀಲವಾದ ಲೈಸೋಸೋಮ್ ಬಗ್ಗೆ ಹೇಳುತ್ತದೆ ಅಷ್ಟೆ.

ಕಣವಿಹಾರಿ (ಪ್ರತಿಕ್ರಿಯೆ)

ಎಲ್ಲರಿಗೂ ಕೃತಜ್ಞತೆಗಳು. ಮೂರು ದಿನ ಇದನ್ನೇ ಓದಿಕೊಂಡು ಕುಳಿತಿದ್ದೆ. ಮೆಥೊಟ್ರೆಕ್ಸೇಟನ್ನು ಕೈಬಿಟ್ಟಿದ್ದೇನೆ. ಪ್ರೆಡ್ನಿಸೊಲೋನ್ ಫಾಸ್ಫೇಟ್ ತುಂಬಿದ ಲೈಪೋಸೋಮ್‌ಗಳನ್ನು ತೆಗೆದುಕೊಂಡು, ಕೊಕ್ಕೆಯಿರುವ ಮತ್ತು ಇಲ್ಲದಿರುವ ಕಣಗಳು ಕೀಲಿನೊಳಗೆ ಯಾವ ಯಾವ ಕೋಶಗಳನ್ನು ಸೇರುತ್ತವೆ ಎಂಬುದನ್ನಷ್ಟೇ ಬಿಡಿಸಿ ನೋಡುವ ಚಿಕ್ಕ ಪ್ರಶ್ನೆಗೆ ಇಳಿದಿದ್ದೇನೆ. ಮಾರ್ಗದರ್ಶಕರು ಮೊದಲು ಹುಬ್ಬು ಗಂಟಿಕ್ಕಿದರು, ಯಕೃತ್ತಿನ ವಾದವನ್ನು ಮುಂದಿಟ್ಟ ಮೇಲೆ ಒಪ್ಪಿದರು. ಒಂದೇ ಒಂದು ಸಂದೇಹ ಉಳಿದಿದೆ. ಉಲ್ಬಣ ಮತ್ತೆ ಮತ್ತೆ ಬರುವ ಕಾಯಿಲೆಯಿದು. ಒಮ್ಮೆ ಕೆಲಸ ಮಾಡಿದ ಪೆಗ್ ಲೈಪೋಸೋಮ್ ಎರಡನೆಯ ಬಾರಿಯೂ ಹಾಗೆಯೇ ಕೆಲಸ ಮಾಡುತ್ತದೆಂದು ನಂಬಬಹುದೇ?

ಗುಳಿಗೆಗಾರ (ಉತ್ತರ)

ನಂಬಬೇಡಿ, ಅಳೆಯಿರಿ. ಮೊದಲ ಡೋಸ್ ಆದ ಕೆಲವು ದಿನಗಳಲ್ಲಿ ಗುಲ್ಮದ ಬಿ ಕೋಶಗಳು ಪೆಗ್ ವಿರುದ್ಧ ಐಜಿಎಂ ಪ್ರತಿಕಾಯಗಳನ್ನು ತಯಾರಿಸಬಲ್ಲವು, ಆಗ ಒಂದು ವಾರದ ನಂತರದ ಎರಡನೆಯ ಡೋಸ್ ರಕ್ತದಲ್ಲಿ ಗಂಟೆಗಟ್ಟಲೆ ಸುತ್ತುವ ಬದಲು ಬೇಗನೆ ಯಕೃತ್ತಿನ ಪಾಲಾಗುತ್ತದೆ. ವಿಚಿತ್ರವೆಂದರೆ ಮೊದಲ ಡೋಸಿನಲ್ಲಿ ಕೊಬ್ಬಿನ ಪ್ರಮಾಣ ಕಡಿಮೆಯಿದ್ದಷ್ಟೂ ಈ ತೊಂದರೆ ಹೆಚ್ಚು. ಕ್ಯಾನ್ಸರಿಗೆ 1995ರಲ್ಲಿ ಬಂದ ಡಾಕ್ಸೊರುಬಿಸಿನ್ ಲೈಪೋಸೋಮ್‌ನಲ್ಲಿ ಇದು ಅಷ್ಟಾಗಿ ಕಾಡದಿರಲು ಕಾರಣ, ಆ ಔಷಧ ಆ ಬಿ ಕೋಶಗಳನ್ನೇ ಕೊಂದುಬಿಡುವುದು. ನಿಮ್ಮ ಸ್ಟಿರಾಯ್ಡ್‌ನಿಂದ ಅಷ್ಟು ಉಪಕಾರವನ್ನು ಮುಂಗಡವಾಗಿ ಲೆಕ್ಕ ಹಾಕಬೇಡಿ. ಔಷಧ ತುಂಬಿದ ಕಣ, ಖಾಲಿ ಕಣ ಎರಡನ್ನೂ ಬೇರೆ ಬೇರೆ ಗುಂಪುಗಳಿಗೆ ಮೊದಲ ಡೋಸಾಗಿ ಕೊಟ್ಟು, ಏಳನೆಯ ದಿನ ಎರಡಕ್ಕೂ ಔಷಧ ತುಂಬಿದ ಕಣವನ್ನೇ ಕೊಡಿ. 5 ನಿಮಿಷ, 1 ಗಂಟೆ, 4 ಗಂಟೆ, 24 ಗಂಟೆಗಳಲ್ಲಿ ರಕ್ತ ತೆಗೆದು ಮೊದಲ ಡೋಸಿನ ರೇಖೆಯೊಡನೆ ಹೋಲಿಸಿ. ಈ ಪ್ರಯೋಗಕ್ಕೆ ಸಂಧಿವಾತ ಬರಿಸಿದ ಇಲಿಗಳು ಬೇಕಾಗಿಲ್ಲ, ಆರೋಗ್ಯವಾಗಿರುವ ಇಲಿಗಳು ಸಾಕು. ಆದ್ದರಿಂದ ಕೊಲಾಜನ್ ಬಾಟಲಿ ತೆರೆಯುವ ಮುನ್ನವೇ ಇದನ್ನು ಮಾಡಿ ಮುಗಿಸಿ.